ಹಗೇವಿನೊಳಗೆ ಇಳಿಸಿದ ಬೆಳಕು

ಆ ಮೊಬೈಲಿನ ಬೆಳಕು ಆರಲೇ ಇಲ್ಲ. ಈಗಲೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಅದೇ. ನೆಲದಡಿಯ ಕತ್ತಲಲ್ಲಿ, ಶುಂಠಿಯ ರಾಶಿಯ ಮೇಲೆ ನನ್ನ ಭಾವ ಮುಖ ಅಡಿಯಾಗಿ ಬಿದ್ದಿದ್ದರು. ಅವರ ಕಿವಿಯ ಪಕ್ಕದಲ್ಲೇ ಫೋನು ಬಿದ್ದಿತ್ತು. ಅದರ ಟಾರ್ಚು ಮದುವೆಮನೆಯ ದೀಪದ ಹಾಗೆ ಝಗಝಗ ಉರಿಯುತ್ತಿತ್ತು. ಪಾಠ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಅನ್ನಕ್ಕೆ ಸಾರು ಹಾಕಿಕೊಳ್ಳುವಾಗ ಆ ಬೆಳಕು ಕಣ್ಣ ಮುಂದೆ ಬರುತ್ತದೆ. ಭಾವ ಬದುಕಿದ್ದಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರು ಸುಮ್ಮನೆ ಉಸಿರು ಬಿಗಿಹಿಡಿಯುವುದು ಬೇಡ. ಆದರೆ ಅವರನ್ನು ಆ ಗುಂಡಿಗೆ ಇಳಿಸಿದ ದಡ್ಡತನವೂ ಚೆನ್ನಾಗಿ ಉಂಡು ತಿಂದು ಬದುಕಿದೆ. ನಾನು ಬರೆಯಬೇಕಾಗಿರುವುದು ಅದರ ಬಗ್ಗೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಶಿಕಾರಿಪುರದ ಕಡೆಯವರು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಒಳದಾರಿ ಹಿಡಿದರೆ ಅವರ ಊರು. ಮೆಕ್ಕೆಜೋಳ ಬೆಳೆಯುತ್ತಾರೆ, ಕೆಲವು ವರ್ಷಗಳಿಂದ ಶುಂಠಿಯನ್ನೂ ಹಾಕುತ್ತಾರೆ. ನಾನು ಬಿ.ಎಸ್ಸಿ. ಓದಿ, ಸೊರಬದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಈ ಕಾರಣಕ್ಕೆ ಭಾವನಿಗೆ ನಾನೆಂದರೆ ಒಂದು ತಮಾಷೆ. ‘ಬಂದ್ರಪ್ಪ ನಮ್ಮ ವಿಜ್ಞಾನಿ’ ಎಂದೇ ಬಾಗಿಲಲ್ಲಿ ಸ್ವಾಗತಿಸುತ್ತಾರೆ. ಆದರೆ ಅವರ ಮನಸ್ಸಿನಲ್ಲಿ ನಿಜವಾದ ವಿಜ್ಞಾನಿ ಅವರೇ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ‘ಅಚ್ಚರಿಯ ಸತ್ಯ’ ಬಂದು ಬೀಳುತ್ತದೆ. ಮರಗಳು ನೆಲದಡಿಯಲ್ಲಿ ಒಂದಕ್ಕೊಂದು ಸುದ್ದಿ ಕಳಿಸುತ್ತವೆ. ಆಕ್ಟೋಪಸ್‌ಗೆ ಮೂರು ಹೃದಯ. ಜೇನುತುಪ್ಪ ಕೆಡುವುದೇ ಇಲ್ಲ. ಎಡಗಡೆ ಮಗ್ಗುಲಾಗಿ ಮಲಗಿದರೆ ಆಯಸ್ಸು ಹೆಚ್ಚುತ್ತದೆ. ತಾಮ್ರದ ಚೊಂಬಿನ ನೀರು ಕುಡಿದರೆ ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ. ಇದರಲ್ಲಿ ಕೆಲವು ನಿಜ, ಕೆಲವು ಶುದ್ಧ ಸುಳ್ಳು. ಆದರೆ ಎರಡಕ್ಕೂ ಗುಂಪಿನವರೆಲ್ಲ ಒಂದೇ ಥರ ಕೈ ಮುಗಿಯುತ್ತಾರೆ, ಒಂದೇ ಥರ ಹೂವು ಹಾಕುತ್ತಾರೆ. ನಿಜ ಯಾವುದು ಎಂದು ಕೇಳುವವರು ಅಲ್ಲಿ ಯಾರೂ ಇಲ್ಲ. ಬಾಯಿ ತೆರೆದು ‘ಹೌದಾ!’ ಅನ್ನುವ ಸುಖ ಸಿಕ್ಕರೆ ಸಾಕು. ಎಲೆಅಡಿಕೆಯ ಹಾಗೆ ಒಂದಿಷ್ಟು ಹೊತ್ತು ಜಗಿದು, ಉಗಿದು, ಇನ್ನೊಂದಕ್ಕೆ ಕೈಚಾಚುತ್ತಾರೆ.

ಒಮ್ಮೆ ನಾನು ತಡೆಯಲಾರದೆ ತಾಮ್ರದ ಚೊಂಬಿನ ಸತ್ಯದ ಕೆಳಗೆ ‘ಇದಕ್ಕೆ ಆಧಾರ ಏನು ಭಾವ?’ ಎಂದು ಬರೆದೆ. ಆಮೇಲೆ ಭಾವ ಬರೆದರು: ‘ಎಲ್ಲದಕ್ಕೂ ಆಧಾರ ಕೇಳಬಾರದು ಮೇಡಂ.’ ಅದಕ್ಕೆ ಹದಿನೈದು ಜನ ಕೈ ಮುಗಿದರು. ನನ್ನ ಅಮ್ಮನೂ ಮುಗಿದಳು.

ಇಂಥ ಮನುಷ್ಯನಿಗೆ ಹೋದ ವರ್ಷ ಒಂದು ವಿಡಿಯೋ ಸಿಕ್ಕಿತು. ಬಿಳಿ ಕೋಟು ಹಾಕಿದ ಒಬ್ಬ ಆಸಾಮಿ, ಹಿಂದೆ ಸಂಗೀತ. ನಮ್ಮ ಹಿರಿಯರು ನೆಲದೊಳಗೆ ಧಾನ್ಯ ಇಡುತ್ತಿದ್ದರಲ್ಲ, ಅದನ್ನು ಕಂಡು ವಿದೇಶದ ವಿಜ್ಞಾನಿಗಳು ದಂಗಾಗಿದ್ದಾರಂತೆ. ಭೂಮಿಯೊಳಗೆ ಇಟ್ಟ ಬೀಜಕ್ಕೆ ಭೂಶಕ್ತಿ ಸೇರುತ್ತದಂತೆ. ಭಾವನ ಮನೆಯ ಅಂಗಳದಲ್ಲಿ ಅವರ ಅಜ್ಜನ ಕಾಲದ ಹಗೇವು ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಗುಂಡಿ. ದೊಡ್ಡ ಹೂಜಿಯನ್ನು ಹೂತಿಟ್ಟ ಹಾಗಿರುತ್ತದೆ. ಬಾಯಿ ಕಿರಿದು, ಒಬ್ಬ ಮನುಷ್ಯ ತೂರುವಷ್ಟು. ಹೊಟ್ಟೆ ಅಗಲ, ಎರಡಾಳು ಆಳ. ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಸುತ್ತ ಮಣ್ಣು ಮೆತ್ತಿಬಿಟ್ಟರೆ ಒಳಗೆ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದೆ ಹುಳ ಸಾಯುತ್ತವೆ, ಜೋಳ ಉಳಿಯುತ್ತದೆ. ಅಲ್ಲಿ ಭೂಶಕ್ತಿಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಮೂವತ್ತು ನಲವತ್ತು ವರ್ಷದಿಂದ ಆ ಚಪ್ಪಡಿಯ ಮೇಲೆ ಭಾವ ಬೈಕು ನಿಲ್ಲಿಸುತ್ತಿದ್ದರು, ಅವರಪ್ಪ ಸೈಕಲ್ಲು. ವಿದೇಶದವರು ದಂಗಾದ ಮೇಲೆ ಬೈಕು ಸರಿಯಿತು.

ಅದರೊಳಗೆ ಅವರು ಇಟ್ಟದ್ದು ಜೋಳವಲ್ಲ, ಬಿತ್ತನೆ ಶುಂಠಿ. ಅಲ್ಲೇ ಎಡವಿದ್ದು. ಅಲ್ಲಿಯ ರೈತರೆಲ್ಲ ಬೀಜದ ಶುಂಠಿಯನ್ನು ನೆರಳಿನಲ್ಲಿ ರಾಶಿ ಹಾಕಿ, ಸೊಪ್ಪು ಮುಚ್ಚಿ, ಗಾಳಿಯಾಡಲು ಬಿಟ್ಟಿರುತ್ತಾರೆ. ಯಾಕೆಂದು ಕೇಳಿದರೆ ‘ಹಂಗೇ ಇಡೋದು’ ಅನ್ನುತ್ತಾರೆ. ಕಿತ್ತ ಶುಂಠಿ ಸತ್ತಿರುವುದಿಲ್ಲ, ಅದು ಉಸಿರಾಡುತ್ತಲೇ ಇರುತ್ತದೆ. ನಮ್ಮ ಹಾಗೆಯೇ ಒಳ್ಳೆಯ ಗಾಳಿ ಎಳೆದುಕೊಂಡು ಕೆಟ್ಟ ಗಾಳಿ ಬಿಡುತ್ತದೆ. ಆ ಕೆಟ್ಟ ಗಾಳಿ ಭಾರ, ತಳದಲ್ಲೇ ಕೂರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ನನ್ನನ್ನು ಕೇಳಿದರೆ ಆಕ್ಟೋಪಸ್ಸಿನ ಮೂರು ಹೃದಯಕ್ಕಿಂತ ಬೆರಗಿನ ಸಂಗತಿ ಇದು. ಮೂಲೆಯಲ್ಲಿ ಬಿದ್ದ ಗೆಡ್ಡೆಗಳ ರಾಶಿಯೊಂದು ಕತ್ತಲಲ್ಲಿ ಸದ್ದಿಲ್ಲದೆ ಉಸಿರಾಡುತ್ತ ಒಂದು ಕೋಣೆಯ ಗಾಳಿಯನ್ನೇ ತಿಂದುಹಾಕುತ್ತದೆ. ಆದರೆ ಇದು ಶಾಲೆಯ ಪುಸ್ತಕದಲ್ಲಿದೆ. ಶಾಲೆಯ ಪುಸ್ತಕದಲ್ಲಿ ಇರುವುದನ್ನು ಯಾರು ಫಾರ್ವರ್ಡ್ ಮಾಡುತ್ತಾರೆ?

ಮೊದಲ ಮಳೆ ಬಿದ್ದ ವಾರ. ಭಾನುವಾರ ಅಕ್ಕನನ್ನು ನೋಡಿಬರೋಣವೆಂದು ಹೋಗಿದ್ದೆ. ಅವತ್ತೇ ಹಗೇವು ತೆರೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ನಾನು ಅಡುಗೆಮನೆಯಲ್ಲಿ ಅಕ್ಕನ ಜೊತೆ ಮಂಡಕ್ಕಿ ತಿನ್ನುತ್ತ ಕೂತಿದ್ದೆ. ಅಂಗಳದಲ್ಲಿ ಚಪ್ಪಡಿ ಸರಿಸಿದ ಸದ್ದು ಕೇಳಿತು. ಆಮೇಲೆ ಮಾತು. ಭಾವನ ತಾಯಿಯ ಗಟ್ಟಿ ದನಿ:

“ಹಂಗೇ ಇಳೀಬ್ಯಾಡಲೇ ತಮ್ಮಾ. ಮದ್ಲು ದೀಪ ಇಳಿಸಿ ನೋಡು. ನಿಮ್ಮಪ್ಪಾರು ಹಂಗೇ ಮಾಡ್ತಿದ್ರು.”

“ಇಳಿಸೀನಿ ತಗಾ ಯವ್ವಾ. ನೋಡಲ್ಲಿ, ಹೆಂಗೆ ಉರೀತೈತೆ” ಎಂದರು ಭಾವ.

“ಆರಿಲ್ಲಲ್ಲ?”

“ಎಲ್ಲಿ ಆರ್ತೈತೆ? ತಳದಾಗಿಂದ ಸೂರ್ಯ ಹುಟ್ಟಿದಂಗೈತೆ.”

“ಹಂಗಾರೆ ಇಳಿ. ದೀಪ ಆರಿಲ್ಲ ಅಂದ್ರೆ ಏನೂ ಇಲ್ಲ.”

ಇದನ್ನು ಕೇಳಿ ನನಗೆ ಸಂತೋಷವೇ ಆಯಿತು. ಸದ್ಯ, ಮುದುಕಿಗಾದರೂ ನೆನಪಿದೆ ಅಂದುಕೊಂಡೆ. ಬೆಂಕಿ ಉರಿಯಲು ಗಾಳಿ ಬೇಕು. ದೀಪ ಉರಿದರೆ ಮನುಷ್ಯನೂ ಉಸಿರಾಡಬಹುದು, ಆರಿದರೆ ಇಳಿಯಬಾರದು. ಹಳಬರ ಲೆಕ್ಕ ಸರಿಯಾಗಿಯೇ ಇತ್ತು. ಆ ಅಷ್ಟು ಹೊತ್ತು ನಾನು ನೆಮ್ಮದಿಯಾಗಿ ಮಂಡಕ್ಕಿ ತಿಂದೆ.

ಟೀ ಲೋಟ ಹಿಡಿದು ಹೊರಗೆ ಬಂದೆ. ಹಗೇವಿನ ಬಾಯಿಯ ಸುತ್ತ ಮೂರು ಜನ: ಭಾವನ ತಾಯಿ, ಭಾವನ ತಮ್ಮ, ಪಕ್ಕದ ಮನೆಯ ಯಜಮಾನರು. ಏಣಿಯ ತುದಿ ಹೊರಗೆ ಕಾಣುತ್ತಿತ್ತು. ಭಾವ ಆಗಲೇ ಎದೆಮಟ್ಟ ಇಳಿದಿದ್ದರು. ನಾನು ಲಾಟೀನು ಹುಡುಕಿದೆ. ಲಾಟೀನು ಇರಲಿಲ್ಲ. ಬಾಯಿಯ ಅಂಚಿನಿಂದ ಒಂದು ನೈಲಾನ್ ಹಗ್ಗ ಕೆಳಗೆ ಇಳಿದಿತ್ತು. ಭಾವನ ಮೈಯ ಪಕ್ಕದ ಸಂದಿಯಿಂದ ಬಗ್ಗಿ ನೋಡಿದೆ. ಹಗ್ಗದ ತುದಿಯಲ್ಲಿ, ತಳದ ಶುಂಠಿಯ ಮೇಲೆ, ಭಾವನ ಮೊಬೈಲು.

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಲೋಟ ಕೈಬಿಟ್ಟಿತು.

“ಭಾವ, ಇಳೀಬೇಡಿ! ಮೇಲೆ ಬನ್ನಿ! ಅದು ದೀಪ ಅಲ್ಲ!”

“ಬಂದ್ರಪ್ಪ ನಮ್ಮ ವಿಜ್ಞಾನಿ” ಎಂದು ನಗುತ್ತಲೇ ಅವರು ಇನ್ನೆರಡು ಮೆಟ್ಟಿಲು ಇಳಿದರು. ತಲೆ ಒಳಗೆ ಹೋಯಿತು. ಒಳಗಿನಿಂದ ಅವರ ದನಿ ಕೊಡದೊಳಗಿನ ದನಿಯ ಹಾಗೆ ಕೇಳಿಸಿತು. “ಏನು ಘಮ ಐತ್ರೀ ಮೇಡಂ ಇಲ್ಲಿ, ಭೂಮಿತಾಯಿ ಒಳಗಿನ ಶಕ್ತಿ ಅಂದ್ರೆ...”

ವಾಕ್ಯ ಅಲ್ಲಿಗೆ ನಿಂತಿತು. ಏಣಿ ಒಮ್ಮೆ ಅಲುಗಿತು. ಒದ್ದೆ ಮೂಟೆ ಎಸೆದ ಹಾಗೆ ಸದ್ದಾಯಿತು. ಬಗ್ಗಿದರೆ ಆ ಹಾಳು ಬೆಳಕು, ಅದರ ಪಕ್ಕದಲ್ಲಿ ಭಾವನ ತಲೆ, ಒಂದು ಕಾಲಿನ ಚಪ್ಪಲಿ.

ಭಾವನ ತಮ್ಮ “ಅಣ್ಣಾ” ಎಂದು ಕೂಗಿ ಏಣಿಗೆ ಕಾಲಿಟ್ಟ. ನಾನು ಹಿಂದಿನಿಂದ ಅವನ ಅಂಗಿಯ ಕಾಲರು ಹಿಡಿದೆ. ಅಂಗಿ ಹರಿಯಿತು. ಆಮೇಲೆ ಸೊಂಟ ಹಿಡಿದು ಎಳೆದೆ. ಇಬ್ಬರೂ ನೆಲಕ್ಕೆ ಬಿದ್ದೆವು.

“ಬಿಡ್ರೀ! ನನ್ನ ಅಣ್ಣ ಸಾಯ್ತಾನ್ರೀ!”

“ಇಳಿದರೆ ನೀನೂ ಸಾಯ್ತೀಯ! ಒಳಗೆ ಗಾಳಿ ಇಲ್ಲ!”

“ಗಾಳಿ ಇಲ್ದೆ ಲೈಟು ಹೆಂಗ್ರೀ ಉರೀತೈತೆ?” ಎಂದು ಕೇಳಿದರು ಪಕ್ಕದ ಮನೆಯ ಯಜಮಾನರು. ಅಂಥ ಹೊತ್ತಿನಲ್ಲಿ! ಕೆಳಗೆ ಒಬ್ಬ ಮನುಷ್ಯ ಬಿದ್ದಿದ್ದಾನೆ, ಈ ಮಹಾಶಯರಿಗೆ ಚರ್ಚೆ ಬೇಕಾಗಿತ್ತು. “ಬಿಪಿ ಇಳಿದಿರಬೇಕು. ತಲೆ ಸುತ್ತಿರ್ತೈತೆ. ಒಬ್ರು ಇಳಿದು ನೀರು ಚಿಮುಕಿಸಿದ್ರೆ ಎದ್ದು ಕೂರ್ತಾರೆ.”

ನಾನು ಹಗೇವಿನ ಬಾಯಿಯ ಮೇಲೆ ಕಾಲು ಚಾಚಿ ಕೂತುಬಿಟ್ಟೆ. ಯಾರನ್ನೂ ಇಳಿಯಲು ಬಿಡುವುದಿಲ್ಲ ಎಂದೆ. ಭಾವನ ತಾಯಿ ನನ್ನ ಕೆನ್ನೆಗೆ ಹೊಡೆದರು. “ನನ್ನ ಮಗನ್ನ ಕೊಲ್ಲಾಕೆ ಕುಂತೀಯೇನೇ ರಂಡೆ?” ಎಂದರು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ದೀಪ ಇಳಿಸಬೇಕು ಎಂಬುದನ್ನು ಆಕೆ ಅಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದರು, ಯಾಕೆ ಎಂಬುದನ್ನು ಮಾತ್ರ ಆಕೆಗೆ ಯಾರೂ ಕೊಟ್ಟಿರಲಿಲ್ಲ.

ಕೂಗಾಟ ಕೇಳಿ ಅಕ್ಕ ಹೊರಗೆ ಓಡಿಬಂದಿದ್ದಳು. ಅವಳು ಅಳಲಿಲ್ಲ. ನನ್ನ ಮುಖ ನೋಡಿ ಒಂದೇ ಮಾತು ಕೇಳಿದಳು. “ಏನು ಮಾಡ್ಬೇಕು ಹೇಳು.”

“ಗಾಳಿ ಊದೋ ಸ್ಪ್ರೇಯರ್ ಎಲ್ಲಿದೆ?”

ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಪೆಟ್ರೋಲ್ ಯಂತ್ರ ಅವರ ಮನೆಯಲ್ಲಿತ್ತು. ಟ್ಯಾಂಕು ಖಾಲಿಯಿದ್ದರೆ ಅದು ಬರೀ ಗಾಳಿ ಊದುತ್ತದೆ. ಅಕ್ಕ ಅದನ್ನು ಹೊತ್ತು ತಂದಳು. ದಾರ ಎಳೆದರೆ ಯಂತ್ರ ಕೆಮ್ಮಿತು, ಹತ್ತಲಿಲ್ಲ. ಭಾವನ ತಮ್ಮ ಮತ್ತೆ ಎಳೆದ, ಮತ್ತೆ ಕೆಮ್ಮಿತು. ಆ ದಾರ ಎಳೆದ ಸದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಅಷ್ಟರಲ್ಲಿ ಬೀದಿಯ ಜನ ಸೇರಿದ್ದರು. ಒಬ್ಬ ವಿಡಿಯೋ ಮಾಡುತ್ತಿದ್ದ. ಇನ್ನೊಬ್ಬ ಅವನಿಗೆ “ಸ್ವಲ್ಪ ಈ ಕಡೆ ಬಾರಲೇ, ಒಳಗಿಂದು ಕಾಣ್ತೈತೆ” ಎಂದು ಜಾಗ ಬಿಟ್ಟುಕೊಡುತ್ತಿದ್ದ. ಹಗೇವು ತೆರೆಯಲು ಹೊತ್ತು ಸರಿಯಿರಲಿಲ್ಲ ಎಂದು ಒಬ್ಬಾಕೆ ಹೇಳುತ್ತಿದ್ದಳು. ಸಾಲಾಗಿ ನಿಂತಿದ್ದ ಇಷ್ಟು ಜನರಲ್ಲಿ ಹತ್ತನೇ ಕ್ಲಾಸು ಓದದವರು ಬಹುಶಃ ಇರಲಿಲ್ಲ. ಮುಚ್ಚಿದ ಲೋಟದ ಕೆಳಗೆ ಮೇಣದಬತ್ತಿ ಆರುವ ಚಿತ್ರ ಬರೆದು ಎಲ್ಲರೂ ಅಂಕ ತೆಗೆದುಕೊಂಡವರೇ. ಅಂಕ ಬಂದ ಮೇಲೆ ಮೇಣದಬತ್ತಿಯ ಕೆಲಸ ಮುಗಿದಿತ್ತು.

ಕೊನೆಗೂ ಯಂತ್ರ ಹತ್ತಿತು. ಅದರ ಹೊಗೆ ಒಳಗೆ ಹೋಗದಂತೆ ಗಾಳಿಗೆ ಎದುರಾಗಿ ನಿಂತು, ಕೊಳವೆಯನ್ನು ಮಾತ್ರ ಬಾಯೊಳಗೆ ತೂರಿಸಿ ಊದಿದೆವು. ಭಾವನ ತಮ್ಮನ ಎದೆಗೆ ಹಗ್ಗ ಬಿಗಿದೆವು. ಆ ಹಗ್ಗವನ್ನು ನಾಲ್ಕು ಜನ ಹಿಡಿದರು. ಯಜಮಾನರೂ ಹಿಡಿದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. “ತಲೆ ಸುತ್ತಿದ ಹಾಗಾದ್ರೆ ಕೈ ಎತ್ತು, ಎಳೀತೀವಿ” ಎಂದೆ. ಅವನು ಇಳಿದ, ಇನ್ನೊಂದು ಹಗ್ಗವನ್ನು ಅಣ್ಣನ ಕಂಕುಳಿಗೆ ಸುತ್ತಿದ. ಯಂತ್ರ ಊದುತ್ತಲೇ ಇತ್ತು. ಮೊದಲು ಅವನನ್ನು, ಆಮೇಲೆ ಭಾವನನ್ನು ಎಳೆದೆವು. ಕಿರಿದಾದ ಬಾಯಿಯಲ್ಲಿ ಭಾವನ ಹೆಗಲು ಸಿಕ್ಕಿಕೊಂಡಿತು. ತರಚಿತು. ಎಳೆದೆವು.

ತುಟಿ ನೀಲಿಯಾಗಿತ್ತು. ಉಸಿರು ಇತ್ತು, ಗೊರಗೊರ ಸದ್ದಿನ ಉಸಿರು. ಅಕ್ಕ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗದ್ದ ಎತ್ತಿ ಹಿಡಿದಳು. ಸಿಕ್ಕ ಗಾಡಿಯಲ್ಲಿ ಶಿರಾಳಕೊಪ್ಪದ ಆಸ್ಪತ್ರೆ ಮುಟ್ಟುವವರೆಗೆ ಆ ಕೈ ತೆಗೆಯಲಿಲ್ಲ. ಅಲ್ಲಿ ಆಕ್ಸಿಜನ್ ಹಾಕಿ ಶಿಕಾರಿಪುರಕ್ಕೆ ಕಳಿಸಿದರು. ಸಂಜೆ ಹೊತ್ತಿಗೆ ಕಣ್ಣು ಬಿಟ್ಟರು. ಡಾಕ್ಟರು ‘ಇನ್ನೊಂದು ಸ್ವಲ್ಪ ತಡವಾಗಿದ್ದರೆ’ ಎಂದು ಶುರುಮಾಡಿ ಅಕ್ಕನ ಮುಖ ನೋಡಿ ಚೀಟಿ ಬರೆಯತೊಡಗಿದರು.

ಆಸ್ಪತ್ರೆಗೆ ಬಂದ ನೆಂಟರದ್ದು ಇನ್ನೊಂದು ಕಥೆ. ಒಬ್ಬರು ಬಿಪಿ ಅಂದರು. ಒಬ್ಬರು ಶುಂಠಿಯ ಖಾರ ನೆತ್ತಿಗೇರಿದ್ದು ಅಂದರು. ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಸಿಲಿಂಡರ್ ಸೋರಿತ್ತೇನಮ್ಮ ಎಂದು ಗುಟ್ಟಾಗಿ ಕೇಳಿದರು. ನಾನು ಪ್ರತಿಯೊಬ್ಬರಿಗೂ ಶುಂಠಿ ಉಸಿರಾಡುವುದನ್ನು ವಿವರಿಸಿದೆ. ತಲೆಯಾಡಿಸಿ ಕೇಳಿಸಿಕೊಂಡರು. ಕೊನೆಗೆ “ಅದೂ ಇರಬಹುದು, ಬಿಪಿನೂ ಇರಬಹುದು” ಎಂದು ತೀರ್ಮಾನ ಕೊಟ್ಟು ಎಳನೀರು ಇಟ್ಟು ಹೋದರು. ಮರಗಳು ಮಾತಾಡುತ್ತವೆ ಎಂದರೆ ಕಣ್ಣರಳಿಸಿ ನಂಬುವವರು ಇವರು. ಅವರ ಮನೆಯ ಹಿತ್ತಲಲ್ಲಿರುವ ಶುಂಠಿ ಉಸಿರಾಡುತ್ತದೆ ಎಂದರೆ ಮಾತ್ರ ಪಂಚಾಯಿತಿ ಮಾಡಿ ಅರ್ಧರ್ಧ ಹಂಚುತ್ತಾರೆ.

ಮಾತು ಬಂದ ಮೇಲೆ ಭಾವ ಮೊದಲು ಕೇಳಿದ್ದು, “ಫೋನು ತೆಗೆದ್ರಾ?”

ಎರಡನೇ ದಿನ ಅವರಿಗೆ ಮಾತಿನ ಜೋರು ಬಂತು. ಎಡಗೈ ಸ್ವಲ್ಪ ಕಂಪಿಸುತ್ತಿತ್ತು, ಕೆಲವು ಹೆಸರು ಮರೆತುಹೋಗುತ್ತಿದ್ದವು. ಆದರೆ ವಾದ ಮರೆತಿರಲಿಲ್ಲ.

“ನೀವು ಏನೇ ಹೇಳ್ರಿ ಮೇಡಂ, ಲೈಟು ಉರೀತಿತ್ತು.”

“ಫೋನಿಗೆ ಉಸಿರು ಬೇಡ ಭಾವ. ನೀರಲ್ಲಿ ಬಿದ್ದರೂ ಸ್ವಲ್ಪ ಹೊತ್ತು ಉರಿಯುತ್ತೆ, ಆಗ ಮೀನಿನ ಜೊತೆ ಸಂಸಾರ ಮಾಡ್ತೀರಾ?”

ಪಕ್ಕದ ಮಂಚದ ರೋಗಿ ನಕ್ಕ. ಭಾವನಿಗೆ ಅವಮಾನವಾಯಿತು. “ಓದಿದೋರ ಬಾಯಿ ಇಷ್ಟೇ” ಎಂದು ಗೋಡೆಯ ಕಡೆ ತಿರುಗಿದರು. ನನಗೆ ಅಯ್ಯೋ ಅನಿಸಲಿಲ್ಲ. ಆ ಬೆಳಕು ಇವರ ಕಣ್ಣಿಗೆ ಬಿದ್ದದ್ದು ಮೇಲಿನಿಂದ, ಎಚ್ಚರವಿದ್ದಾಗ. ಅವರ ತಲೆಯ ಪಕ್ಕದಲ್ಲಿ ಅದು ಉರಿಯುವುದನ್ನು ನೋಡಿದವಳು ನಾನು.

ನಿಜವಾದ ಜಗಳ ಆದದ್ದು ಮನೆಗೆ ಬಂದ ಮೇಲೆ. ಬಿತ್ತನೆಯ ಹದ ಮೀರುತ್ತಿತ್ತು, ಬೀಜ ಇನ್ನೂ ಹಗೇವಿನಲ್ಲೇ ಇತ್ತು. ತೆಗೆಯಬೇಕು ಎಂದರು ಭಾವ. ಗುಂಡಿ ಮುಚ್ಚಬೇಕು ಎಂದಳು ಅಕ್ಕ. ನಾನು ಮುಂದಿನ ಶನಿವಾರ ಮತ್ತೆ ಹೋದಾಗ ಇಬ್ಬರೂ ನನ್ನನ್ನು ನ್ಯಾಯಕ್ಕೆ ಕೂರಿಸಿದರು.

“ಸ್ಪ್ರೇಯರ್ ಹಚ್ಚಿ ಚೆನ್ನಾಗಿ ಗಾಳಿ ಊದಿ, ನಿಜವಾದ ದೀಪ ಇಳಿಸಿ ನೋಡಿ, ಹಗ್ಗ ಕಟ್ಟಿ ಇಳಿದರೆ ತೆಗೀಬಹುದು” ಎಂದೆ. ಇರುವುದು ಅದೇ, ಸುಳ್ಳು ಹೇಳಲಾರೆ.

“ಕೇಳಿದ್ಯಾ?” ಎಂದರು ಭಾವ ಗೆದ್ದವರ ಹಾಗೆ. “ನಿನ್ನ ತಂಗಿನೇ ಹೇಳ್ತಾಳೆ.”

ಅಕ್ಕ ನನ್ನನ್ನು ನೋಡಲಿಲ್ಲ. ಗಂಡನನ್ನು ನೋಡಿದಳು.

“ಈ ಸಲ ಅವಳಿದಾಳೆ, ಊದ್ತಾಳೆ, ನೋಡ್ತಾಳೆ. ಮುಂದಿನ ಸಲ ಯಾರು ನೋಡ್ತಾರ್ರೀ? ನೀವಾ? ಇವತ್ತು ಸ್ಪ್ರೇಯರ್ ಅಂತೀರಿ. ಬರೋ ವರ್ಷ ಯಾವನೋ ಇನ್ನೊಂದು ವಿಡಿಯೋ ಕಳಿಸ್ತಾನೆ, ಟೇಬಲ್ ಫ್ಯಾನ್ ತೋರಿಸಿದ್ರೂ ಸಾಕು ಅಂತ. ಇಳೀತೀರಿ. ನಿಮ್ಮನ್ನ ನಾನು ಕಂಡಿಲ್ವಾ?”

“ಅಷ್ಟೊಂದು ಬೀಜ ಐತೆ ಕಣೇ ಒಳಗೆ.”

“ಇರ್ಲಿ. ಶುಂಠಿ ಹಾಕದಿದ್ರೆ ಮೆಕ್ಕೆಜೋಳ ಹಾಕಿ. ಗಂಡ ಸತ್ರೆ ಏನು ಹಾಕ್ಲಿ ನಾನು?”

ಭಾವ ಎದ್ದು ಹೊರಗೆ ಹೋದರು. ಯಾವ ವಿಡಿಯೋದಲ್ಲೂ ಇದಕ್ಕೆ ಉತ್ತರ ಬಂದಿರಲಿಲ್ಲ ಅನಿಸುತ್ತದೆ.

ಭಾನುವಾರ ಬೆಳಿಗ್ಗೆ ಅಕ್ಕ ಮೈದುನನಿಗೆ ಹೇಳಿ ಕೆರೆಯ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಮಣ್ಣು ತರಿಸಿದಳು. ಭಾವ ಕಟ್ಟೆಯ ಮೇಲೆ ಕೂತು, ಇದು ಅಜ್ಜನ ಕಾಲದ್ದು, ವಿದೇಶದವರೇ ಮೆಚ್ಚಿದ್ದು ಎಂದು ಗೊಣಗುತ್ತಿದ್ದರು. ಅವರ ತಾಯಿ ನನ್ನ ಕಡೆಗೆ ನೋಡಲಿಲ್ಲ, ಆದರೆ ಬೆಳಿಗ್ಗೆ ನನ್ನ ರೊಟ್ಟಿಗೆ ಬೆಣ್ಣೆ ಹಾಕಿದ್ದರು. ಟ್ರೇಲರ್ ಹಿಂದಕ್ಕೆ ಬಂದು ಮೇಲೆದ್ದಿತು. ಮಣ್ಣು ಧಡಧಡನೆ ಇಳಿಯಿತು. ಒಳಗಿನಿಂದ ಒಂದು ದೀರ್ಘ ಸದ್ದು ಹೊರಟಿತು. ಕೆಳಗಿನ ಗಾಳಿ ಮೇಲೆ ಬರುತ್ತಿತ್ತು. ನಾನು ಗೊತ್ತಿಲ್ಲದೆಯೇ ಅಕ್ಕನ ಸೆರಗು ಹಿಡಿದು ಹಿಂದಕ್ಕೆ ಎಳೆದಿದ್ದೆ. ಬಯಲಲ್ಲಿ ಆ ಗಾಳಿ ಏನೂ ಮಾಡುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಕೈ ಬಿಡಲಿಲ್ಲ.

ಎರಡನೇ ಲೋಡು ಬೀಳುವ ಹೊತ್ತಿಗೆ ಪಕ್ಕದ ಮನೆಯ ಯಜಮಾನರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದರು. ಗುಂಡಿಯನ್ನು ನೋಡಿದರು, ಮಣ್ಣನ್ನು ನೋಡಿದರು. ಅವರ ಮುಖದಲ್ಲಿ ನಿಜವಾದ ನೋವು ಕಂಡಿತು.

“ಮುಚ್ಚೇಬಿಟ್ರಾ? ಛೆ. ಮುಂದಿನ ವರ್ಷ ನಮ್ದೂ ಒಂದೆರಡು ಚೀಲ ಬೀಜ ಇಲ್ಲೇ ಇಡೋಣ ಅಂತಿದ್ದೆ.”

ಇದೇ ಕೈಯಲ್ಲಿ ಹಗ್ಗ ಎಳೆದವರು. ನೀಲಿ ತುಟಿ ನೋಡಿದವರು. ಇವರಿಗೆ ಬೋಧಿಸಬೇಕೆಂದು ಬಾಯಿ ತೆರೆದೆ. ಅಕ್ಕ ಬಿಡಲಿಲ್ಲ. ಗೋಡೆಗೆ ಒರಗಿಸಿದ್ದ ಸಲಿಕೆ ತಂದು ಯಜಮಾನರ ಕೈಗೆ ಕೊಟ್ಟಳು.

“ಬರ್ರಿ ಅಣ್ಣಾರೆ. ಆ ಕಡೆ ಅಂಚು ಇನ್ನೂ ತುಂಬಿಲ್ಲ.”

ಅವರು ಒಂದು ಗಳಿಗೆ ಸಲಿಕೆಯನ್ನು ನೋಡಿದರು. ಆಮೇಲೆ ಟವೆಲ್ಲನ್ನು ತಲೆಗೆ ಸುತ್ತಿ, ಮಣ್ಣು ಎಳೆಯಲು ಶುರುಮಾಡಿದರು. ಅಕ್ಕ ಚಪ್ಪಲಿ ಬಿಟ್ಟು ಮಣ್ಣಿನ ಮೇಲೆ ಹತ್ತಿ, ಒಂದೊಂದೇ ಹೆಜ್ಜೆ ಇಟ್ಟು ತುಳಿಯತೊಡಗಿದಳು.